ಉಪ್ಪಿನ ಕಾಲದ ಗಳಗಂಡ, ಟಿ ಕೋಶದ ಕಾಲದ ಥೈರಾಯ್ಡ್

ಹತ್ತು ವರ್ಷದ ಹುಡುಗಿಯ ಲ್ಯಾಬ್ ರಿಪೋರ್ಟ್ ಎಂದುಕೊಳ್ಳಿ. ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್ ಟಿಎಸ್‌ಎಚ್ 7, ಆ ಗ್ರಂಥಿಯ ವಿರುದ್ಧವೇ ಎದ್ದ ಪ್ರತಿಕಾಯ (ಆಂಟಿಬಾಡಿ) ಆಂಟಿ-ಟಿಪಿಒ 600ರ ಮೇಲೆ. ಎರಡೂ ಹೆಚ್ಚು. ಅದನ್ನು ಹಿಡಿದು ಹಾಸನದಿಂದ ಸಕಲೇಶಪುರದ ಬಸ್ ಇಳಿಯುವಷ್ಟರಲ್ಲಿ ಅಪ್ಪ ಅಮ್ಮನಿಗೆ ಮೂರು ಸಲಹೆ ಸಿಕ್ಕಿರುತ್ತವೆ. ಅಯೋಡಿನ್ ಉಪ್ಪು ಬಿಟ್ಟು ಕಲ್ಲುಪ್ಪು ಹಾಕಿ ಅಂತ ಒಬ್ಬರು, ಇಮ್ಯುನಿಟಿ ಹೆಚ್ಚಿಸುವ ಪುಡಿ ಕೊಡಿ ಅಂತ ಇನ್ನೊಬ್ಬರು, ಆಂಟಿಬಾಡಿ ಇಳಿಯುವ ತನಕ ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸಿ ಅಂತ ಮತ್ತೊಬ್ಬರು. ಬೇರೆ ಬೇರೆ ಕಾಲದ ಅರೆ ತಿಳಿವಳಿಕೆಯೆಲ್ಲ ಒಂದೇ ರಿಪೋರ್ಟಿನ ಮೇಲೆ ಬಂದು ಕೂತಿದೆ.

ಮೊದಲು ಉಪ್ಪು. ಸುರಿಯುವ ಮಳೆ ಮಣ್ಣಿನ ಅಯೋಡಿನ್ನನ್ನೆಲ್ಲ ತೊಳೆದೊಯ್ಯುವ ಮಲೆನಾಡಿಗೆ ಗಳಗಂಡ, ಅಂದರೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಊತ, ಹೊಸದಲ್ಲ. ರಾಜ್ಯದ ಗಳಗಂಡ ಪೀಡಿತ ಜಿಲ್ಲೆಗಳಲ್ಲಿ ಚಿಕ್ಕಮಗಳೂರಿನ ಹೆಸರು ಹಿಂದಿನಿಂದಲೂ ಇದೆ. 1956ರಲ್ಲಿ ವೈದ್ಯ ವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಈಗಿನ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಉಪ್ಪಿನ ಪ್ರಯೋಗ ಶುರು ಮಾಡಿದರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು, 2006ರಿಂದ ಅಯೋಡಿನ್ ಇಲ್ಲದ ಅಡುಗೆ ಉಪ್ಪಿನ ಮಾರಾಟಕ್ಕೆ ದೇಶದಾದ್ಯಂತ ತಡೆ. ಮನೆಗೆ ಬರುವಾಗ ಉಪ್ಪಿನಲ್ಲಿ ಅಯೋಡಿನ್ ಕನಿಷ್ಠ 15 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 15 ಭಾಗ) ಇರಬೇಕೆಂಬುದು ಲೆಕ್ಕ. ಆಷಾಢದ ಥಂಡಿಯಲ್ಲಿ ಒಲೆಯ ಪಕ್ಕ ಬಾಯಿ ತೆರೆದಿಟ್ಟ ಮರಿಗೆಯಲ್ಲಿ ನೀರೊಡೆಯುವ ಉಪ್ಪು ಇಷ್ಟನ್ನೂ ಉಳಿಸಿಕೊಳ್ಳುವುದಿಲ್ಲ.

ಅಯೋಡಿನ್ ಕೊರತೆಯ ಗಳಗಂಡ ತಗ್ಗಿದ ಮೇಲೂ ಕೆಲವು ಮಕ್ಕಳ ಕುತ್ತಿಗೆಯ ಊತ ಹೋಗಲಿಲ್ಲ. ಅವರಲ್ಲಿ ಅನೇಕರದು ಹಾಶಿಮೋಟೊ ಥೈರಾಯ್ಡಿಟಿಸ್, ಮೈಯ ರಕ್ಷಣಾ ಪಡೆಯೇ ಥೈರಾಯ್ಡಿನ ಮೇಲೆ ಎರಗುವ ರೋಗ. ಆ ಹುಡುಗಿಯ ರಿಪೋರ್ಟ್ ಕೊಡುವ ಸುಳಿವೂ ಇದೇ. ಒಲವು ಮೊದಲೇ ಇರುವವರಲ್ಲಿ ಅಯೋಡಿನ್ ಹೆಚ್ಚಾದರೆ ಈ ರೋಗ ಮೇಲೆ ಬರಬಹುದು ಎಂಬುದೂ ನಿಜ. ಕಲ್ಲುಪ್ಪಿನ ಸಲಹೆ ಹುಟ್ಟಿದ್ದು ಇಲ್ಲಿಂದ. ಆದರೆ ಉಪ್ಪು ಬದಲಿಸಿದ ಮಾತ್ರಕ್ಕೆ ಶುರುವಾದ ರೋಗ ಹಿಂದಕ್ಕೆ ಹೋಗುವುದಿಲ್ಲ. ಅದೇ ಮನೆಯಲ್ಲಿ ಬಸುರಿಯೊಬ್ಬಳಿದ್ದರೆ ಅವಳ ಹೊಟ್ಟೆಯ ಕೂಸಿನ ಮಿದುಳಿಗೆ ಅಯೋಡಿನ್ ಬೇಕೇ ಬೇಕು. ಇಡೀ ಮನೆಯ ಉಪ್ಪು ಬದಲಿಸುವ ಮುನ್ನ ಇದನ್ನು ಯೋಚಿಸಬೇಕು.

ಈ ರೋಗಕ್ಕೆ ಹೆಸರು ಕೊಟ್ಟ ಜಪಾನಿನ ಹಕಾರು ಹಾಶಿಮೋಟೊ 1912ರಲ್ಲಿ ನಾಲ್ವರು ಮಹಿಳೆಯರ ಥೈರಾಯ್ಡ್ ಗ್ರಂಥಿಯಲ್ಲಿ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ಕಿಕ್ಕಿರಿದಿದ್ದನ್ನು ಕಂಡು ಬರೆದಿಟ್ಟರು. ಅವು ಅಲ್ಲೇಕೆ ಇದ್ದವು ಎಂದು ಗೊತ್ತಾಗಲು 44 ವರ್ಷ ಬೇಕಾಯಿತು. 1956ರಲ್ಲಿ ಲಂಡನ್ನಿನ ರೋಯಿಟ್, ಡೋನಿಯಾಕ್ ಮತ್ತು ಸಂಗಡಿಗರು ರೋಗಿಗಳ ರಕ್ತದಲ್ಲಿ ಅವರದೇ ಥೈರಾಯ್ಡಿನ ವಿರುದ್ಧದ ಪ್ರತಿಕಾಯಗಳನ್ನು ಕಂಡರು. ಅದೇ ವರ್ಷ ಅಮೆರಿಕದಲ್ಲಿ ರೋಸ್ ಮತ್ತು ವಿಟೆಬ್‌ಸ್ಕಿ ಮೊಲಗಳಲ್ಲಿ ಇಂಥದೇ ರೋಗ ತರಿಸಿ ತೋರಿಸಿದರು. ಬೇಲಿಯೇ ಎದ್ದು ಹೊಲ ಮೇಯುವ ರೋಗವಿದು. ಇಂಥ ಮಗುವಿಗೆ ಇಮ್ಯುನಿಟಿ ಹೆಚ್ಚಿಸಲು ಹೊರಡುವುದರಲ್ಲಿ ಅರ್ಥವಿಲ್ಲ.

ಅಲ್ಲಿಂದ ಮುಂದೆ ಎಲ್ಲರ ಕಣ್ಣೂ ಪ್ರತಿಕಾಯದ ಮೇಲೆ. ಅಳೆಯುವುದು ಸುಲಭ, ಒಂದು ಅಂಕಿ ಸಿಗುತ್ತದೆ. ಆದರೆ ಹಾಶಿಮೋಟೊದಲ್ಲಿ ಗ್ರಂಥಿಯನ್ನು ಹಾಳು ಮಾಡುವ ಕೆಲಸದ ದೊಡ್ಡ ಪಾಲು ಲಿಂಫೊಸೈಟ್‌ಗಳಲ್ಲೇ ಒಂದು ಬಗೆಯಾದ ಟಿ ಕೋಶಗಳದು. ಅವುಗಳಲ್ಲಿ ಸಿಡಿ4 ಕೋಶಗಳು ಆಜ್ಞೆ ಕೊಡುತ್ತವೆ, ಸಿಡಿ8 ಕೋಶಗಳು ಕೊಲ್ಲುತ್ತವೆ, ಇನ್ನೊಂದು ಬಗೆಯ ಲಿಂಫೊಸೈಟ್‌ಗಳಾದ ಬಿ ಕೋಶಗಳ ಸಂತತಿ ಪ್ರತಿಕಾಯ ತಯಾರಿಸುತ್ತದೆ. ಇವೆಲ್ಲವನ್ನು ತಡೆದು ನಿಲ್ಲಿಸುವ ಇನ್ನೊಂದು ಗುಂಪಿದೆ ಎಂದು 1995ರಲ್ಲಿ ಶಿಮೊನ್ ಸಕಗುಚಿ ತೋರಿಸಿದರು. ಅವೇ ನಿಯಂತ್ರಕ ಟಿ ಕೋಶಗಳು. 2001ರಲ್ಲಿ ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ ಮತ್ತು ಸಂಗಡಿಗರು ಈ ಕೋಶಗಳಿಗೆ ಬೇಕೇ ಬೇಕಾದ ಫಾಕ್ಸ್‌ಪಿ3 ಎಂಬ ಜೀನ್ ಗುರುತಿಸಿದರು. ಅದು ಕೆಟ್ಟರೆ ಗಂಡು ಕೂಸುಗಳಿಗೆ ಐಪೆಕ್ಸ್ ಎಂಬ ಅಪರೂಪದ, ಭೀಕರ ಕಾಯಿಲೆ: ನಿಲ್ಲದ ಭೇದಿ, ಸಕ್ಕರೆ ಕಾಯಿಲೆ, ಎಷ್ಟೋ ಸಲ ಥೈರಾಯ್ಡ್ ತೊಂದರೆಯೂ. ಮೂವರಿಗೂ 2025ರಲ್ಲಿ ನೊಬೆಲ್ ಬಂತು.

ಹಾಗಾದರೆ ಹಾಶಿಮೋಟೊ ಇರುವ ಮಕ್ಕಳಲ್ಲಿ ಈ ಕೋಶಗಳು ಕಡಿಮೆಯೇ? ಕೆಲವು ಅಧ್ಯಯನಗಳು ಹೌದು ಎನ್ನುತ್ತವೆ. ಇನ್ನು ಕೆಲವು, ಸಂಖ್ಯೆ ಸರಿಯಿದೆ, ಕೆಲಸ ಮಾಡುವ ಶಕ್ತಿ ಕುಂದಿದೆ ಎನ್ನುತ್ತವೆ. ಉತ್ತರಗಳು ಹೊಂದದೇ ಇರುವುದಕ್ಕೆ ಎಣಿಸುವ ವಿಧಾನವೂ ಒಂದು ಕಾರಣ. ಫ್ಲೋ ಸೈಟೋಮೆಟ್ರಿಯಲ್ಲಿ ಕೋಶಗಳಿಗೆ ಹೊಳೆಯುವ ಬಣ್ಣ ಅಂಟಿಸಿ, ಒಂದೊಂದಾಗಿ ಲೇಸರ್ ಎದುರು ಹಾಯಿಸಿ ಎಣಿಸುತ್ತಾರೆ. ರಕ್ತದ ನೂರು ಸಿಡಿ4 ಕೋಶಗಳಲ್ಲಿ ನಿಯಂತ್ರಕ ಕೋಶಗಳು ಸಾಮಾನ್ಯವಾಗಿ 5ರಿಂದ 10. ಅವುಗಳ ಮೇಲ್ಮೈಯಲ್ಲಿರುವ ಸಿಡಿ25 ಎಂಬ ಗುರುತು ಒಂದನ್ನೇ ನಂಬುವಂತಿಲ್ಲ, ಕೆರಳಿದ ಮಾಮೂಲಿ ಟಿ ಕೋಶವೂ ಅದನ್ನು ಹೊತ್ತಿರುತ್ತದೆ. ಅದಕ್ಕೇ ಸಿಡಿ127 ಎಂಬ ಇನ್ನೊಂದು ಗುರುತು ಕಡಿಮೆ ಇರುವವನ್ನು ಆರಿಸಿಕೊಳ್ಳಬೇಕು. ಫಾಕ್ಸ್‌ಪಿ3 ಜೀನಿನಿಂದ ತಯಾರಾಗುವ ಪ್ರೋಟೀನ್ ಇರುವುದು ಕೋಶದ ಒಳಗೆ, ಆದ್ದರಿಂದ ಪೊರೆಗೆ ತೂತು ಮಾಡಿಯೇ ಬಣ್ಣ ಒಳಗೆ ಬಿಡಬೇಕು. ತೂತು ಸಾಲದಿದ್ದರೆ ಬಣ್ಣ ಹೋಗದು, ಅತಿಯಾದರೆ ಕೋಶವೇ ಒಡೆಯುತ್ತದೆ. ಅದೂ ಮನುಷ್ಯರಲ್ಲಿ ಕೆರಳಿದ ಕೋಶಗಳು ಸ್ವಲ್ಪ ಹೊತ್ತು ಫಾಕ್ಸ್‌ಪಿ3 ತೋರಿಸುವುದುಂಟು. ಕಳಸದಲ್ಲಿ ತೆಗೆದ ರಕ್ತ ಘಟ್ಟದ ರಸ್ತೆಯಲ್ಲಿ ಬೆಂಗಳೂರು ಮುಟ್ಟುವಷ್ಟರಲ್ಲಿ ತಡವಾದರೆ ಸತ್ತ ಕೋಶಗಳು ಸಿಕ್ಕಸಿಕ್ಕ ಬಣ್ಣವನ್ನೆಲ್ಲ ಹೀರಿ ಲೆಕ್ಕ ಕೆಡಿಸುತ್ತವೆ. ವಯಸ್ಸಿನೊಂದಿಗೆ ಲಿಂಫೊಸೈಟ್ ಸಂಖ್ಯೆಯೂ ಬದಲಾಗುವುದರಿಂದ ಆರು ವರ್ಷದವರನ್ನು ಹದಿನಾಲ್ಕರವರ ಜೊತೆ ಹೋಲಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎಣಿಸುವುದು ತೋಳಿನ ರಕ್ತದಲ್ಲಿ, ಕಾಳಗ ನಡೆಯುತ್ತಿರುವುದು ಕುತ್ತಿಗೆಯಲ್ಲಿ.

ಸಂಶೋಧನೆಗೆ ಈ ಎಣಿಕೆ ಅಮೂಲ್ಯ. ಮಗುವಿನ ಚಿಕಿತ್ಸೆ ಮಾತ್ರ ಇದರಿಂದ ಬದಲಾಗುವುದಿಲ್ಲ. ಆಂಟಿ-ಟಿಪಿಒ ಕೂಡ ರೋಗ ಗುರುತಿಸಲು ಒಮ್ಮೆ ಸಾಕು. ಅದು 600 ಆಗಲಿ 1,300 ಆಗಲಿ ಮಾತ್ರೆಯ ಪ್ರಮಾಣ ನಿರ್ಧಾರವಾಗುವುದು ಟಿಎಸ್‌ಎಚ್ ಮತ್ತು ಥೈರಾಯ್ಡ್ ತಯಾರಿಸುವ ಟಿ4 ಹಾರ್ಮೋನ್ ನೋಡಿ. ಟಿ4 ಸರಿಯಿದ್ದು ಟಿಎಸ್‌ಎಚ್ 5ರಿಂದ 10ರ ನಡುವೆ ಇದ್ದರೆ ಹೆಚ್ಚಾಗಿ ಕೆಲವು ತಿಂಗಳು ಕಾದು ಮತ್ತೆ ನೋಡುತ್ತಾರೆ. 10ರ ಮೇಲೆಯೇ ನಿಂತರೆ ಆ ಹಾರ್ಮೋನನ್ನೇ ತುಂಬಿಕೊಡುವ ಮಾತ್ರೆ ಲೆವೊಥೈರಾಕ್ಸಿನ್. ಪೂರ್ತಿ ಕೊರತೆಯಿದ್ದರೆ ಹತ್ತು ದಾಟಿದ ಮಕ್ಕಳಿಗೆ ದಿನಕ್ಕೆ ಕಿಲೋ ತೂಕಕ್ಕೆ 2ರಿಂದ 4 ಮೈಕ್ರೊಗ್ರಾಂ, ಚಿಕ್ಕವರಿಗೆ ಇನ್ನೂ ಹೆಚ್ಚು. ಪ್ರಮಾಣ ಬದಲಿಸಿದ ಮೇಲೆ 6ರಿಂದ 8 ವಾರ ಬಿಟ್ಟು ಪರೀಕ್ಷೆ. ಟೈಪ್ 1 ಡಯಾಬಿಟಿಸ್, ಡೌನ್ ಸಿಂಡ್ರೋಮ್, ಟರ್ನರ್ ಸಿಂಡ್ರೋಮ್ ಇರುವ ಮಕ್ಕಳಿಗೆ ಲಕ್ಷಣವಿಲ್ಲದಿದ್ದರೂ ಆಗಾಗ ಟಿಎಸ್‌ಎಚ್ ನೋಡಬೇಕು. ಉಳಿದವರಲ್ಲಿ ಸುಳಿವು ಕೊಡುವುದು ಗೋಡೆಯ ಮೇಲಿನ ಎತ್ತರದ ಗೀಟು. ಐದು ವರ್ಷದಿಂದ ಮೈನೆರೆಯುವ ತನಕ ವರ್ಷಕ್ಕೆ 5 ಸೆಂ.ಮೀ. ಆಸುಪಾಸು ಬೆಳೆಯಬೇಕಾದ ಮಗು 3ಕ್ಕೆ ನಿಂತು, ತೂಕ ಮಾತ್ರ ಏರುತ್ತಿದ್ದರೆ ತೋರಿಸಬೇಕು. ಖರ್ಚಿಲ್ಲದ ಈ ಅಳತೆಗೆ ಸಿಗುವ ಗಮನ ದುಬಾರಿ ಪ್ಯಾಕೇಜ್ ಟೆಸ್ಟುಗಳಿಗೆ ಸಿಗುವುದಕ್ಕಿಂತ ಕಡಿಮೆ ಎಂಬುದು ಬೇಸರದ ಸಂಗತಿ.

ಮಾತ್ರೆ ಹಿಡಿಯದಿದ್ದಾಗ ತಪ್ಪು ಎಷ್ಟೋ ಸಲ ಅಡುಗೆಮನೆಯಲ್ಲಿ ಸಿಗುತ್ತದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿಸಿ ಅರ್ಧದಿಂದ ಒಂದು ಗಂಟೆ ಏನೂ ಕೊಡಬಾರದು. ಕಾಫಿ ಸೀಮೆಯಲ್ಲಿ ಮಕ್ಕಳಿಗೂ ಎದ್ದ ಕೂಡಲೇ ಲೋಟ ಹಿಡಿಸುವ ರೂಢಿ ಇರುವಲ್ಲಿ ಇದು ಕಷ್ಟ, ಆದರೆ ಕಾಫಿ ಈ ಮಾತ್ರೆಯ ಹೀರಿಕೆ ತಗ್ಗಿಸುತ್ತದೆ. ಸುಣ್ಣದಂಶ ಹೆಚ್ಚಿರುವ ಹಾಲು, ರಾಗಿ ಗಂಜಿಯೂ ಆಮೇಲೆ. ಕಬ್ಬಿಣದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಕಬ್ಬಿಣದ ಮಾತ್ರೆಯನ್ನು ಶಾಲೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಕೊಡುವುದಾದರೆ ತೊಂದರೆಯಿಲ್ಲ. ಥೈರಾಯ್ಡ್ ಮಾತ್ರೆಯ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಒಳಗಿನ ತೇವ ಹೀರುವ ಪೊಟ್ಟಣ ಎಸೆಯಬೇಡಿ, ಮಳೆಗಾಲದಲ್ಲಿ ಬಚ್ಚಲೊಲೆಯ ಹತ್ತಿರದ ಗೂಡಿನಲ್ಲಿ ಇಡಬೇಡಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಕೊಡುತ್ತಿದ್ದರೆ ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಬೇಕು, ಇಲ್ಲವಾದರೆ ಅಂಕಿ ತಪ್ಪು ಬರುತ್ತದೆ.

ಕೆಲವು ಮಕ್ಕಳ ಗ್ರಂಥಿ ತಾನಾಗಿ ಚೇತರಿಸಿಕೊಳ್ಳುವುದೂ ಉಂಟು. ಅದಕ್ಕೇ ಬೆಳವಣಿಗೆ ಮುಗಿದ ಮೇಲೆ ವೈದ್ಯರು ಮಾತ್ರೆ ನಿಲ್ಲಿಸಿ, ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡುವುದಿದೆ. ಅದಕ್ಕೂ ಮುಂಚೆ ಊತ ಇಳಿಯಿತೆಂದು ಮನೆಯವರೇ ನಿಲ್ಲಿಸಿದರೆ ನಷ್ಟವಾಗುವುದು ಮಗುವಿನ ಎತ್ತರ.