ಮದುವೆಯಾದರೆ ಹುಚ್ಚು ಬಿಡುತ್ತಾ? ಕೊರಿಯನ್ ಪ್ರೇಮಕಥೆಗಳಲ್ಲಿ ಖಿನ್ನತೆ

"ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ." ಗಾದೆ ಎಲ್ಲರಿಗೂ ಗೊತ್ತು. ಅದರಲ್ಲಿರುವ ಪದ ಒರಟು, ತರಗತಿಗೆ ಬರೆದ ಈ ಟಿಪ್ಪಣಿಯಲ್ಲಿ ಮುಂದೆ ಅದನ್ನು ಬಳಸುವುದಿಲ್ಲ. ಆದರೆ ಟಿವಿ ಪ್ರೇಮಕಥೆಗಳನ್ನು ಓದಲು ಈ ಗಾದೆಗಿಂತ ಒಳ್ಳೆ ಕೀಲಿಕೈ ನನಗೆ ಸಿಕ್ಕಿಲ್ಲ. ಬಹಳಷ್ಟು ಧಾರಾವಾಹಿಗಳು ಅದರ ಎರಡನೇ ಅರ್ಧವನ್ನು ನಿಜ ಅಂತಲೇ ನಂಬಿವೆ. ಸರಿಯಾದ ಹುಡುಗ ಸಿಕ್ಕರೆ ಸಾಕು, ಮಳೆಯಲ್ಲಿ ಒಂದು ಅಪ್ಪುಗೆ, ಕಾಯಿಲೆ ಮಾಯ.

ಮೊದಲು ಖಿನ್ನತೆ ಅಂದರೆ ಏನು ಅಂತ ಸ್ಪಷ್ಟ ಮಾಡಿಕೊಳ್ಳೋಣ. ಬೇಜಾರು ಬೇರೆ, ಖಿನ್ನತೆ ಬೇರೆ. ಕನಿಷ್ಠ 2 ವಾರ, ಹೆಚ್ಚುಕಡಿಮೆ ದಿನವಿಡೀ, ಮನಸ್ಸು ಕುಗ್ಗಿರಬೇಕು ಅಥವಾ ಯಾವುದರಲ್ಲೂ ಆಸಕ್ತಿ ಇರಬಾರದು. ಅದರ ಜೊತೆ ನಿದ್ದೆ, ಹಸಿವು, ಸುಸ್ತು, ಗಮನ, 'ನಾನು ಪ್ರಯೋಜನಕ್ಕಿಲ್ಲ' ಎನ್ನುವ ಭಾವ ಇತ್ಯಾದಿ. ವೈದ್ಯರ ಪಟ್ಟಿಯಲ್ಲಿ ಒಟ್ಟು 9 ಲಕ್ಷಣಗಳಿವೆ, 5 ಇದ್ದರೆ ಖಿನ್ನತೆ ಎನ್ನುತ್ತಾರೆ. ಅಳು ಈ ಪಟ್ಟಿಯಲ್ಲಿ ಪ್ರತ್ಯೇಕ ಲಕ್ಷಣವೇ ಅಲ್ಲ. ಟಿವಿಗೆ ಬೇಕಾಗಿರುವುದು ಮಾತ್ರ ಅದೇ ಅಳು. ಎದ್ದೇಳಲು ಆಗದೆ ಮಲಗಿರುವವಳನ್ನು ಎಷ್ಟು ಹೊತ್ತು ತೋರಿಸ್ತೀರಿ, ಅಲ್ವಾ?

ತೋರಿಸಿದವರೂ ಇದ್ದಾರೆ. ಬರಹಗಾರ್ತಿ ನೋ ಹೀ-ಕ್ಯುಂಗ್ ಮತ್ತು ನಿರ್ದೇಶಕ ಕಿಮ್ ಕ್ಯು-ಟೇ ಜೋಡಿ 8 ವರ್ಷದ ಅಂತರದಲ್ಲಿ ಮಾಡಿದ ಎರಡು ಧಾರಾವಾಹಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

2014ರ 'ಇಟ್ಸ್ ಓಕೆ, ದಟ್ಸ್ ಲವ್' ಮೊದಲನೆಯದು. ನಾಯಕಿ ಮನೋವೈದ್ಯೆ. ನಾಯಕ ಜಾಂಗ್ ಜೆ-ಯೋಲ್ ಹೆಸರಾಂತ ಕಾದಂಬರಿಕಾರ, ರೇಡಿಯೊದಲ್ಲೂ ಮಾತಾಡುತ್ತಾನೆ. ಅವನ ಹಿಂದೆ ಮುಂದೆ ಓಡಾಡುವ ಒಬ್ಬ ಹೈಸ್ಕೂಲ್ ಹುಡುಗ ಇದ್ದಾನೆ, ಬರಿಗಾಲಲ್ಲೇ ಇರುತ್ತಾನೆ. ಆ ಹುಡುಗ ನಿಜಕ್ಕೂ ಇಲ್ಲವೇ ಇಲ್ಲ ಅಂತ ನಮಗೆ ಆಮೇಲೆ ಗೊತ್ತಾಗುತ್ತದೆ. ಇದು ಖಿನ್ನತೆಯಲ್ಲ, ಸ್ಕಿಜೋಫ್ರೇನಿಯಾ. ನಾಟಕೀಯತೆ ಜಾಸ್ತಿ. ಇಲ್ಲದ ದನಿ ಕೇಳಿಸುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ವರ್ಷಗಟ್ಟಲೆ ಜೊತೆಗೇ ನಡೆಯುವ ಇಡೀ ಮನುಷ್ಯನೊಬ್ಬ ಕಾಣುವುದು ಅಷ್ಟು ಸಾಮಾನ್ಯವಲ್ಲ. ಆದರೂ ಒಂದು ಸರಿ ಮಾಡಿದ್ದಾರೆ: ನಾಯಕ ಆಸ್ಪತ್ರೆಗೆ ಸೇರುತ್ತಾನೆ, ಮಾತ್ರೆ ನುಂಗುತ್ತಾನೆ, ನಾಯಕಿ ಅವನನ್ನು ಬಿಟ್ಟು ಒಂದು ವರ್ಷ ಪ್ರವಾಸ ಹೋಗುತ್ತಾಳೆ. ಅವಳಿಲ್ಲದ ಆ ವರ್ಷವೂ ಅವನು ಬದುಕನ್ನು ನಡೆಸುತ್ತಾನೆ. ಗಾದೆಗೆ ಅಲ್ಲಿ ಪೆಟ್ಟು ಬೀಳುತ್ತದೆ.

2022ರ 'ಅವರ್ ಬ್ಲೂಸ್' ಎರಡನೆಯದು. ಜೆಜು ದ್ವೀಪದ ಹಲವು ಜನರ ಕಥೆಗಳ ಗೊಂಚಲು, 20 ಕಂತು. ಅದರಲ್ಲಿ ಮಿನ್ ಸನ್-ಆ ಎಂಬವಳ ಕಥೆಯನ್ನು ನಿಧಾನಕ್ಕೆ ನೋಡಿ. ಇಲ್ಲಿ ಕಾಣದ ಹುಡುಗ ಇಲ್ಲ, ಕಿರುಚಾಟ ಇಲ್ಲ. ಒಣಗಿದ ಕೋಣೆಯಲ್ಲಿ ಕೂತವಳ ಕೂದಲಿನಿಂದ ನೀರು ತೊಟ್ಟಿಕ್ಕುತ್ತದೆ. ಊರಿನ ದೀಪಗಳು ಅವಳ ಕಣ್ಣಿಗೆ ಒಂದೊಂದಾಗಿ ಆರುತ್ತವೆ. ಗಂಡ ಬೆಳಿಗ್ಗೆ ಹೋಗಿ ರಾತ್ರಿ ಬಂದರೂ ಅವಳು ಇದ್ದಲ್ಲೇ ಇದ್ದಾಳೆ. ದಿನ ಕಳೆದದ್ದೇ ಅವಳಿಗೆ ಗೊತ್ತಾಗಿಲ್ಲ, ಮಗುವಿನ ಕೆಲಸವೂ ಆಗಿಲ್ಲ.

ನಾನು ಇದನ್ನು ಅಮ್ಮನ ಜೊತೆ ನೋಡಿದೆ. "ಇವಳ್ಯಾಕೆ ತಲೆ ಒರೆಸ್ಕೊಂಡಿಲ್ಲ?" ಅಂದರು. ನೀರು ನಿಜವಲ್ಲ, ಅವಳಿಗೆ ಮೈ ಹಾಗೆ ಭಾರ ಅನಿಸ್ತಿದೆ ಅಂದೆ. ಅಮ್ಮ ಸುಮ್ಮನಾದರು. ಆಮೇಲೆ ನಮ್ಮ ಸಂಬಂಧಿಕರೊಬ್ಬರ ಹೆಸರು ಹೇಳಿ, "ಅವಳೂ ಹಿಂಗೇ ಕೂತಿರ್ತಿದ್ಲು, ನಾವು ಸೋಮಾರಿ ಅಂತಿದ್ವಿ" ಎಂದರು. ಕ್ಯಾಮೆರಾ ಮಾಡಿದ ಕೆಲಸ ಇದು. ಹೊರಗಿನಿಂದ ನೋಡಿದರೆ ಸೋಮಾರಿತನ, ಒಳಗಿನಿಂದ ನೋಡಿದರೆ ಒದ್ದೆ ಕಂಬಳಿ. ಪರೀಕ್ಷೆಗೆ 'ದೃಷ್ಟಿಕೋನ' ಎಂಬ ಪದಕ್ಕೆ ಉದಾಹರಣೆ ಬೇಕಿದ್ದರೆ ಇದನ್ನೇ ಬರೆಯಿರಿ.

ಗಂಡನನ್ನು ಖಳ ಮಾಡಿಲ್ಲ ಎನ್ನುವುದನ್ನೂ ಗಮನಿಸಿ. ಅವನು ದಣಿದಿದ್ದಾನೆ. 'ನೀನು ಪ್ರಯತ್ನವನ್ನೇ ಮಾಡಲ್ಲ' ಎನ್ನುವ ಧಾಟಿ ಅವನದು, ನಮ್ಮ ಮನೆಗಳಲ್ಲಿ 'ಸುಮ್ನೆ ಏನೇನೋ ಯೋಚ್ನೆ ಮಾಡ್ಬೇಡ' ಅಂತೀವಲ್ಲ, ಹಾಗೆ. ಆಮೇಲೆ ಬರುವ ಪ್ರೇಮಿ ಡಾಂಗ್-ಸೊಕ್ ಲಾರಿಯಲ್ಲಿ ಸಾಮಾನು ಹಾಕಿಕೊಂಡು ಮಾರುವವನು, ಬಾಯಿ ಒರಟು. ಅವನು ಅವಳಿಗೆ ದುಃಖಪಡಬೇಡ ಅನ್ನುವುದಿಲ್ಲ. ಅಳು, ನಡುವೆ ಊಟವನ್ನೂ ಮಾಡು, ನಿದ್ದೆಯನ್ನೂ ಮಾಡು, ಯಾವಾಗಲಾದರೂ ನಗು ಎನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ನನಗೆ ಇದು ಇಷ್ಟವಾಯಿತು. ಒಂದು ತಕರಾರೂ ಇದೆ: ಕಥೆಯ ತೂಕವೆಲ್ಲ ಅವನ ಮಾತಿನ ಮೇಲೆ ಬಿದ್ದು, ಚಿಕಿತ್ಸೆ ಮೂಲೆಗೆ ಸರಿದಿದೆ. ಗಾದೆ ಹಿಂಬಾಗಿಲಿನಿಂದ ಒಳಗೆ ಬಂತು.

2024ರ 'ಡಾಕ್ಟರ್ ಸ್ಲಂಪ್' ಹಗುರಾದ ಪ್ರೇಮಕಥೆ, ಜಾಸ್ತಿ ಹೊತ್ತು ನಿಲ್ಲಬೇಕಿಲ್ಲ. ಆದರೆ ನಾಯಕಿಗೇ ಖಿನ್ನತೆ ಅಂತ ಆರಂಭದಲ್ಲೇ ಹೇಳಿಬಿಡುತ್ತದೆ. ನಾಮ್ ಹಾ-ನಲ್ ಅರಿವಳಿಕೆ ವೈದ್ಯೆ. ಶಾಲೆಯಿಂದಲೂ ಮೊದಲ ಸ್ಥಾನ, ಆಸ್ಪತ್ರೆಯಲ್ಲಿ ದುಡಿದು ದುಡಿದು ಬತ್ತಿಹೋದವಳು. ಮಗಳಿಗೆ ಖಿನ್ನತೆ ಅಂತ ಒಪ್ಪಿಕೊಳ್ಳಲು ತಾಯಿ ಒದ್ದಾಡುವ ದೃಶ್ಯಗಳೇ ನನಗೆ ಪ್ರೇಮದ ದೃಶ್ಯಗಳಿಗಿಂತ ಗಟ್ಟಿ ಅನಿಸಿದವು. ನೀಟ್ ಕೋಚಿಂಗ್ ಮುಗಿಸಿ ಬಂದವರು ಎರಡನೇ ಸಲ ನೋಡಬಹುದು.

ಆ ತಾಯಿಯ ಭಯಕ್ಕೆ ಹಿನ್ನೆಲೆ ಇದೆ. ಅಂತರರಾಷ್ಟ್ರೀಯ ರೋಗಪಟ್ಟಿಯ 10ನೇ ಆವೃತ್ತಿಯಲ್ಲಿ ಮನೋರೋಗಗಳ ಸಂಕೇತ 'ಎಫ್' ಅಕ್ಷರದಿಂದ ಶುರುವಾಗುತ್ತದೆ, ಖಿನ್ನತೆಗೆ ಎಫ್32. ಕೊರಿಯಾದಲ್ಲಿ 'ಎಫ್ ಕೋಡ್' ದಾಖಲೆಗೆ ಬಿದ್ದರೆ ಕೆಲಸಕ್ಕೆ, ವಿಮೆಗೆ ತೊಂದರೆ ಎಂಬ ಹೆದರಿಕೆ ಹಳೆಯದು. ನಮ್ಮಲ್ಲಿ ಆ ಜಾಗದಲ್ಲಿ 'ನಾಳೆ ಸಂಬಂಧ ಕೂಡಿಬರಲ್ಲ' ಎಂಬ ಹೆದರಿಕೆ ಇದೆ. ನೋಡಿ, ಗಾದೆಯ ಮೊದಲ ಅರ್ಧ! ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದ ವಯಸ್ಕರಲ್ಲಿ 20ಕ್ಕೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದ್ದಾರೆ. ಚಿಕಿತ್ಸೆಗೆ ಹೋಗದವರೇ ಬಹುಪಾಲು.

ಇನ್ನು ಸಮಯದ ಲೆಕ್ಕ, ಧಾರಾವಾಹಿಗಳು ಜಾಸ್ತಿ ಎಡವುವುದು ಇಲ್ಲೇ. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಕೆಲವು ವಾರ ಹಿಡಿಯುತ್ತದೆ. ಕೆಲವರಿಗೆ ಮೊದಲ ಮಾತ್ರೆ ಹೊಂದುವುದಿಲ್ಲ, ಬದಲಿಸಬೇಕಾಗುತ್ತದೆ. ಗುಣವಾಯಿತು ಅನಿಸಿದ ಮೇಲೂ ತಿಂಗಳುಗಟ್ಟಲೆ ಮುಂದುವರಿಸುತ್ತಾರೆ, ವೈದ್ಯರನ್ನು ಕೇಳದೆ ದಿಢೀರ್ ನಿಲ್ಲಿಸಬಾರದು. ಕೆಲವರಿಗೆ ಮರುಕಳಿಸುತ್ತದೆ. 16 ಕಂತಿನ ಕಥೆಗೆ ಇಷ್ಟು ತಾಳ್ಮೆ ಎಲ್ಲಿದೆ? ನಾಯಕಿ ಮಾತ್ರೆ ಡಬ್ಬಿಯನ್ನು ಕಸಕ್ಕೆ ಎಸೆದು ನಗುವ ದೃಶ್ಯ ಎಲ್ಲಾದರೂ ಕಂಡರೆ ಟಿಪ್ಪಣಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯಿರಿ. ನೋಡುವಾಗಲೇ ಮನಸ್ಸು ಭಾರವಾದರೆ ನಿಲ್ಲಿಸಿ, ಯಾರ ಹತ್ತಿರವಾದರೂ ಮಾತಾಡಿ. ಟೆಲಿ-ಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಮುಂದಿನ ವಾರಕ್ಕೆ ಅಭ್ಯಾಸ: ನಿಮಗಿಷ್ಟವಾದ ಯಾವುದೇ ಪ್ರೇಮಕಥೆಯ ಒಂದು ಕಂತು ತೆಗೆದುಕೊಳ್ಳಿ. ಕಾಯಿಲೆ ಇರುವ ಪಾತ್ರ ಪ್ರೇಮಿ ಜೊತೆಗಿಲ್ಲದೆ ಎಷ್ಟು ನಿಮಿಷ ತೆರೆ ಮೇಲಿದೆ ಅಂತ ಗಡಿಯಾರ ಇಟ್ಟು ಅಳೆಯಿರಿ. ಆ ನಿಮಿಷಗಳಲ್ಲಿ ಅವರು ಏನು ಮಾಡುತ್ತಿದ್ದಾರೆ ಅಂತ ಬರೆದುಕೊಂಡು ಬನ್ನಿ. ತಿಂದರೋ, ಮಲಗಿದರೋ, ಪಾತ್ರೆ ತೊಳೆದರೋ, ಸುಮ್ನೆ ಗೋಡೆ ನೋಡಿದರೋ.