ತಲೆ ಕೆಳಗೆ ಮಾಡಿ ಮಲಗಿಸಿದರೆ ಮಿದುಳಿಗೇನಾಗುತ್ತದೆ?

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೋಬೋಟ್ ಆಪರೇಷನ್ ಮಾಡಿಸಲು ರಾಯಚೂರಿನಿಂದ ಹೈದರಾಬಾದಿಗೋ ಬೆಂಗಳೂರಿಗೋ ಹೊರಟವರು, ಹೋಗುವ ಮುಂಚೆ ನನ್ನನ್ನು ಕೇಳುವುದು ರೋಬೋಟ್ ಬಗ್ಗೆ. ಅದನ್ನು ನಡೆಸುವವರು ಸರ್ಜನ್ನೇ, ಹಾಗಾಗಿ ನನಗೆ ಆ ಚಿಂತೆ ಇಲ್ಲ. ಅರಿವಳಿಕೆ ಕೊಡುವವರ ಕಣ್ಣೆಲ್ಲ ಟೇಬಲ್ ಮೇಲೆ.

ಟೇಬಲ್ಲನ್ನು ತಲೆ ಕಡೆ 25ರಿಂದ 30 ಡಿಗ್ರಿ ಇಳಿಸುತ್ತಾರೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಕರುಳು ಎದೆ ಕಡೆ ಸರಿದು ಕಿಬ್ಬೊಟ್ಟೆಯಲ್ಲಿ ಜಾಗ ಸಿಗಬೇಕಲ್ವಾ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸನ್ನೂ ತುಂಬುತ್ತಾರೆ. ಹೀಗೆ ಗಂಟೆಗಟ್ಟಲೆ.

ತಲೆಬುರುಡೆ ಹಿಗ್ಗುವುದಿಲ್ಲ, ಹಾಗಾಗಿ ಒಳಗೆ ರಕ್ತ ನಿಂತರೆ ಒತ್ತಡ ಏರುತ್ತದೆ. ತಲೆ ಕೆಳಗಿರುವುದರಿಂದ ರಕ್ತ ವಾಪಸ್ ಬರುವುದೇ ಕಷ್ಟ, ಅದರ ಮೇಲೆ ಗ್ಯಾಸ್ ಎದೆಯನ್ನೂ ಒತ್ತುವುದರಿಂದ ಕತ್ತಿನ ರಕ್ತನಾಳಗಳು ಬೇಗ ಖಾಲಿಯಾಗಲ್ಲ. ಗ್ಯಾಸ್ ರಕ್ತಕ್ಕೂ ಸೇರುತ್ತದೆ, ಅದು ಏರಿದರೆ ಮಿದುಳಿನ ರಕ್ತನಾಳಗಳು ಹಿಗ್ಗಿ ಒತ್ತಡ ಇನ್ನಷ್ಟು ಏರುತ್ತದೆ. ಅದಕ್ಕೇ ವೆಂಟಿಲೇಟರ್‌ನಲ್ಲಿ ಉಸಿರು ಜಾಸ್ತಿ ಕೊಟ್ಟು ಗ್ಯಾಸನ್ನು ಹೊರಹಾಕುತ್ತಲೇ ಇರಬೇಕು.

ಈ ಒತ್ತಡ ಅಳೆಯಲು ಬುರುಡೆಗೆ ತೂತು ಕೊರೆಯುತ್ತಾರಾ ಅಂತ ಗಾಬರಿಯಾಗಬೇಡಿ. ಮುಚ್ಚಿದ ರೆಪ್ಪೆ ಮೇಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಇಟ್ಟು, ಕಣ್ಣುಗುಡ್ಡೆಯಿಂದ 3 ಮಿ.ಮೀ. ಹಿಂದೆ ದೃಷ್ಟಿನರದ ಸುತ್ತಲಿನ ಪೊರೆ ಎಷ್ಟು ಅಗಲ ಇದೆ ಅಂತ ನೋಡಬಹುದು. ಮಿದುಳಿನ ಸುತ್ತಲಿನ ನೀರು ಆ ಪೊರೆಯೊಳಗೂ ಇರುತ್ತದೆ, ಒತ್ತಡ ಏರಿದರೆ ಅದೂ ಉಬ್ಬುತ್ತದೆ. ಎಲ್ಲ ಕಡೆ ಇದನ್ನು ಮಾಡುವುದಿಲ್ಲ. ಆರೋಗ್ಯವಂತರಲ್ಲಿ ಟೇಬಲ್ ಸಮಮಾಡಿ ಗ್ಯಾಸ್ ತೆಗೆದ ಮೇಲೆ ಒತ್ತಡ ಸಾಮಾನ್ಯವಾಗಿ ತಾನೇ ಇಳಿಯುತ್ತದೆ.

ಆಮೇಲೆ ಮನೆಯವರಿಂದ ಫೋಟೋ ಬರುತ್ತದೆ: “ಯಾಕ್ರೀ ಡಾಕ್ಟ್ರೇ, ಅಪ್ಪನ ಮಾರಿ ಹಿಂಗ ಊದ್ಯಾದ?” ರೆಪ್ಪೆ ದಪ್ಪ, ತುಟಿ ದಪ್ಪ. ಬಹುಪಾಲು ಒಂದೆರಡು ದಿನದಲ್ಲಿ ಇಳಿಯುತ್ತದೆ. ಆದರೆ ಹಾಗೇ ಗಂಟಲೊಳಗೂ ಊದಿರಬಹುದು. ಅದಕ್ಕೇ ಉಸಿರಿನ ಟ್ಯೂಬ್ ತೆಗೆಯಲು ಕೆಲವೊಮ್ಮೆ ತಡಮಾಡುತ್ತಾರೆ, ಅದನ್ನು ನೋಡಿ ಏನೋ ಕೆಟ್ಟಿದೆ ಅಂದುಕೊಳ್ಳಬೇಡಿ.

ನನಗೆ ಭಯ ಬೇರೆಯವರದ್ದು. ಮಿದುಳಿನ ನೀರು ಇಳಿಸಲು ಶಂಟ್ ಎಂಬ ಕೊಳವೆ ಹಾಕಿಸಿಕೊಂಡವರು, ಮಿದುಳಿನಲ್ಲಿ ಗಡ್ಡೆ ಇರುವವರು, ಅಲ್ಲಿನ ರಕ್ತನಾಳ ಉಬ್ಬಿರುವವರು, ಪಾರ್ಶ್ವವಾಯು ಆದವರು, ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ಕಾಯಿಲೆ) ಇರುವವರು. ತಲೆ ಕೆಳಗಾದರೆ ಕಣ್ಣಿನ ಒತ್ತಡವೂ ಏರುತ್ತದೆ. ಬಿಪಿ, ಶುಗರ್ ಮಾತ್ರೆ ಎಲ್ಲರೂ ಹೇಳುತ್ತಾರೆ, ದಿನಾ ರಾತ್ರಿ ಕಣ್ಣಿಗೆ ಬಿಡುವ ಹನಿ ಮಾತ್ರ ಔಷಧಿಯ ಲೆಕ್ಕಕ್ಕೇ ಬರಲ್ಲ! ಗೊತ್ತಿದ್ದರೆ ಓರೆ ಕಡಿಮೆ ಮಾಡಬಹುದು, ಗ್ಯಾಸಿನ ಒತ್ತಡ ಇಳಿಸಬಹುದು, ಬೇಡವಾದರೆ ಬೇರೆ ಚಿಕಿತ್ಸೆಯನ್ನೇ ಯೋಚಿಸಬಹುದು. ಆ ಹನಿಯ ಬಾಟಲಿಯನ್ನೂ ಹಳೇ ಸ್ಕ್ಯಾನನ್ನೂ ಫೈಲ್ ಜೊತೆ ಒಯ್ದು, ಅಲ್ಲಿ ಅರಿವಳಿಕೆ ವೈದ್ಯರ ಕೈಗೇ ಕೊಡಿ.