ಮೆಷಿನಿಗೂ ಇಸಿ ಸಿಗುತ್ತದಾ?

ಪ್ರಶ್ನೆ: ಕಾರ್ಕಳದ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜದ ಘಟಕ. ಬೈಕಂಪಾಡಿಯಲ್ಲಿ ಒಬ್ಬರು ಕಾರ್ಖಾನೆ ಮುಚ್ಚುತ್ತಿದ್ದಾರೆ. ಅವರ ಬೀಜ ಒಡೆಯುವ ಮೆಷಿನ್ ತಗೊಳ್ಳುವ ಅಂತ ಇದ್ದೇವೆ. ‘ಲೋನ್ ಗೀನ್ ಏನೂ ಇಲ್ಲ’ ಅಂತಾರೆ. ನಂಬಬಹುದಾ? ಜಾಗ ಕೊಳ್ಳುವಾಗ ಅದರ ಮೇಲೆ ಸಾಲ ಇದೆಯಾ ಅಂತ ಇಸಿ (ಋಣಭಾರ ಪತ್ರ) ತೆಗೆದು ನೋಡುವ ಹಾಗೆ ಮೆಷಿನಿಗೂ ಏನಾದರೂ ಸಿಗುತ್ತದಾ?

ಉತ್ತರ: ಸಿಗುತ್ತದೆ, ಆದರೆ ಅರ್ಧಂಬರ್ಧ. ಆ ಅರ್ಧಂಬರ್ಧ ಯಾಕೆ ಅನ್ನುವುದರಲ್ಲೇ ಇಡೀ ವಿಷಯ ಇದೆ.

ಮೊದಲು ಚಿನ್ನದ ಮಾತು. ನಮ್ಮ ಊರಲ್ಲಿ ಅಡವು ಅಂದರೆ ಚಿನ್ನವೇ ತಾನೇ? ಜೂನ್ ಬಂತೆಂದರೆ ಅಮ್ಮನ ಎರಡು ಬಳೆ ಬ್ಯಾಂಕಿಗೆ ಹೋಗುತ್ತಿದ್ದವು. ನಮ್ಮ ಶಾಲೆ ಫೀಸು, ಪುಸ್ತಕ, ಕೊಡೆ ಎಲ್ಲ ಅದರಲ್ಲೇ. ಚೌತಿಯ ಹೊತ್ತಿಗೆ ಬಳೆ ವಾಪಸ್. ಬಳೆ ಲಾಕರಿನಲ್ಲಿ ಇರುವಷ್ಟು ದಿನ ಅಮ್ಮ ಅದನ್ನು ಇನ್ನೊಬ್ಬರಿಗೆ ಮಾರುವ ಪ್ರಶ್ನೆಯೇ ಇರಲಿಲ್ಲ. ಕೈಯಲ್ಲಿ ಇದ್ದರಲ್ವಾ ಮಾರುವುದು!

1872ರ ಕರಾರು ಕಾಯ್ದೆಯ 172ನೇ ಸೆಕ್ಷನ್ ಹೇಳುವ ಅಡವು ಇದೇ. ವಸ್ತುವನ್ನು ಸಾಲ ಕೊಟ್ಟವನ ಕೈಗೆ ಒಪ್ಪಿಸಬೇಕು. ಸಾಲ ತೀರದಿದ್ದರೆ ನ್ಯಾಯವಾದ ನೋಟಿಸ್ ಕೊಟ್ಟು ಅವನು ಮಾರಬಹುದು, ಅದು 176ನೇ ಸೆಕ್ಷನ್. ನೂರೈವತ್ತು ವರ್ಷ ದಾಟಿದ ಕಾನೂನು. ಚಿನ್ನದ ಮಟ್ಟಿಗೆ ಇವತ್ತಿಗೂ ಗಟ್ಟಿಯಾಗಿ ನಡೆಯುತ್ತಿದೆ.

ಮೆಷಿನನ್ನು ಹಾಗೆ ಒಪ್ಪಿಸಲಿಕ್ಕೆ ಆಗುತ್ತದಾ? ಬೀಜ ಒಡೆಯುವ ಮೆಷಿನ್ ಹೊತ್ತುಕೊಂಡು ಹೋಗಿ ಬ್ಯಾಂಕಿನ ಸ್ಟ್ರಾಂಗ್ ರೂಮಿನಲ್ಲಿ ಇಟ್ಟರೆ ಬೀಜ ಒಡೆಯುವುದು ಯಾರು, ಕಂತು ಕಟ್ಟುವುದು ಎಲ್ಲಿಂದ? ಹಾಗಾಗಿ ಮೆಷಿನ್ ನಿಮ್ಮಲ್ಲೇ ಇರುತ್ತದೆ, ಹಕ್ಕು ಮಾತ್ರ ಬ್ಯಾಂಕಿಗೆ ಹೋಗುತ್ತದೆ. ಇದೇ ಹೈಪೋಥಿಕೇಶನ್. ಬ್ಯಾಂಕುಗಳು ದಶಕಗಳಿಂದ ಇದರ ಮೇಲೆ ಸಾಲ ಕೊಡುತ್ತಿದ್ದವು. ಆದರೂ 1872ರ ಕಾಯ್ದೆಯಲ್ಲಿ ಈ ಶಬ್ದಕ್ಕೆ ವಿವರಣೆ ಇಲ್ಲ. ಅದು ಬಂದದ್ದು 2002ರ ಸರ್ಫೇಸಿ ಕಾಯ್ದೆಯಲ್ಲಿ, ಅಂದರೆ ಬ್ಯಾಂಕುಗಳ ಸಾಲ ವಸೂಲಿಯ ಕಾಯ್ದೆಯಲ್ಲಿ.

ತೊಂದರೆ ಏನೆಂದರೆ, ಈ ಅಡವು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಬ್ಯಾಂಕಿನವರು ಬೋರ್ಡ್ ಹಾಕಿಸುತ್ತಾರೆ. ಜವಳಿ ಅಂಗಡಿಯ ಕ್ಯಾಶ್ ಕೌಂಟರ್ ಹಿಂದೆ, ದೇವರ ಪಟದ ಪಕ್ಕ, ಅಂಗೈ ಅಗಲದ ಒಂದು ತಗಡು ನೋಡಿರಬಹುದು: ‘ಇಲ್ಲಿನ ದಾಸ್ತಾನು ಇಂಥ ಬ್ಯಾಂಕಿಗೆ ಹೈಪೋಥಿಕೇಟ್ ಆಗಿದೆ.’ ರಿಕ್ಷಾದ ಹಿಂದೆ ಮಕ್ಕಳ ಹೆಸರಿನ ಕೆಳಗೆ ಬ್ಯಾಂಕಿನ ಹೆಸರು ಇರುತ್ತದಲ್ಲ, ಅದೂ ಇದೇ ಕಥೆ. ಮೆಷಿನಿನ ಮೇಲಾದರೆ ಒಂದು ಸ್ಟಿಕ್ಕರ್. ಕಿತ್ತರೆ ಮುಗಿಯಿತು.

ವಾಹನಕ್ಕೆ ಸ್ಟಿಕ್ಕರಿಗಿಂತ ಗಟ್ಟಿ ಏರ್ಪಾಡು ಇದೆ. 1988ರ ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ ಸಾಲ ಕೊಟ್ಟವರ ಹೆಸರು ಆರ್‌ಸಿಯಲ್ಲೇ ದಾಖಲಾಗುತ್ತದೆ. ಸಾಲ ತೀರಿದ ಮೇಲೆ ಬ್ಯಾಂಕಿನವರು ಸಹಿ ಮಾಡಿದ ಫಾರ್ಮ್ 35 ಕೊಟ್ಟು ಅದನ್ನು ತೆಗೆಸಬೇಕು. ನಾನು ಒಮ್ಮೆ ಕೆಎ 20 ನಂಬರಿನ ಹಳೇ ಸ್ಕೂಟರ್ ತಗೊಂಡೆ. ಲೋನ್ ತೀರಿ ನಾಲ್ಕು ವರ್ಷ ಆಗಿತ್ತು, ಆರ್‌ಸಿಯಲ್ಲಿ ಎಚ್‌ಪಿ (ಹೈಪೋಥಿಕೇಶನ್ ದಾಖಲೆ) ಹಾಗೇ ಇತ್ತು. ಫೈನಾನ್ಸಿನವರು ಆಫೀಸೇ ಬದಲಾಯಿಸಿದ್ದರು. ನಮ್ಮ ಆಕ್ಷೇಪ ಇಲ್ಲ ಅನ್ನುವ ಒಂದು ಎನ್‌ಒಸಿಗೆ ಮೂರು ತಿಂಗಳು ಅಲೆದೆ. ಬೈದುಕೊಂಡೇ ಅಲೆದೆ. ಆದರೆ ಒಂದು ಮಾತು ಒಪ್ಪಲೇಬೇಕು: ಸಾಲ ಇತ್ತು ಅಂತ ಕೊಳ್ಳುವ ಮೊದಲೇ ನನಗೆ ಗೊತ್ತಾಗುವ ದಾರಿ ಇತ್ತು, ಆರ್‌ಸಿ ನೋಡದೆ ದುಡ್ಡು ಕೊಟ್ಟದ್ದು ನಾನು.

ನಿಮ್ಮ ಮೆಷಿನಿಗೆ ಆರ್‌ಸಿ ಇಲ್ಲ. ಅದರ ಬದಲಿಗೆ ಇರುವುದು ಸೆರ್ಸಾಯ್ ಅನ್ನುವ, ಸಾಲದ ಅಡವುಗಳ ಕೇಂದ್ರ ನೋಂದಣಿ. 2011ರಲ್ಲಿ ಶುರುವಾಯಿತು. ಒಂದೇ ಜಾಗದ ಪತ್ರ ತೋರಿಸಿ ಮೂರ್ನಾಲ್ಕು ಬ್ಯಾಂಕಿನಲ್ಲಿ ಸಾಲ ಎತ್ತುವವರನ್ನು ತಡೆಯುವುದು ಆಗಿನ ಉದ್ದೇಶ. 2016ರಲ್ಲಿ ಯಂತ್ರ, ದಾಸ್ತಾನು, ಬರಬೇಕಾದ ಬಾಕಿ ಇವುಗಳ ಮೇಲಿನ ಸಾಲವನ್ನೂ ಅದರೊಳಗೆ ತಂದರು. ಸಣ್ಣ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹುಡುಕಬಹುದು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. 2020ರ ಜನವರಿ 24ರಿಂದ ಸರ್ಫೇಸಿ ಕಾಯ್ದೆಯ 26ಸಿ ಸೆಕ್ಷನ್ ಜಾರಿಯಲ್ಲಿದೆ. ಬ್ಯಾಂಕು ಸೆರ್ಸಾಯ್‌ನಲ್ಲಿ ದಾಖಲು ಮಾಡಿತೋ, ಆ ಕ್ಷಣದಿಂದ ಅದು ಸಾರ್ವಜನಿಕ ನೋಟಿಸ್ ಅಂತ ಲೆಕ್ಕ. ಆಮೇಲೆ ಆ ವಸ್ತು ಯಾರಿಗೆ ಮಾರಿದರೂ ಬ್ಯಾಂಕಿನ ಹಕ್ಕು ಅದರ ಬೆನ್ನಿಗೇ ಇರುತ್ತದೆ. ‘ನನಗೆ ಗೊತ್ತಿರಲಿಲ್ಲ ಸ್ವಾಮಿ’ ಅಂದರೆ ನಡೆಯುವುದು ಕಷ್ಟ.

ಹಾಗಾದರೆ ಅಡವಾದ ಜವಳಿ ಅಂಗಡಿಯಲ್ಲಿ ಸೀರೆ ಕೊಳ್ಳುವವರೂ ಸೆರ್ಸಾಯ್ ನೋಡಿಯೇ ಹೋಗಬೇಕಾ? ಬೇಡ. ದಿನನಿತ್ಯದ ವ್ಯಾಪಾರದಲ್ಲಿ ಮಾರಿದ್ದಕ್ಕೆ ಅದೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ಸೀರೆ ಮಾರುವುದೇ ಆ ಅಂಗಡಿಯ ಕಸುಬು. ಗೇರು ಕಾರ್ಖಾನೆಯ ಕಸುಬು ಬೀಜ ಮಾರುವುದು, ಮೆಷಿನ್ ಮಾರುವುದಲ್ಲ. ಹಾಗಾಗಿ ಅವರಿಂದ ಒಂದು ಡಬ್ಬ ಬೀಜ ಕೊಂಡರೆ ಚಿಂತೆ ಇಲ್ಲ, ಮೆಷಿನ್ ಕೊಂಡರೆ ಚಿಂತೆ ಇದೆ.

ನನ್ನ ತಕರಾರು ಇಲ್ಲೇ. ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತು ಹತ್ತು ವ್ಯಾಪಾರಿಗಳನ್ನು ಕೇಳಿ ನೋಡಿ, ಸೆರ್ಸಾಯ್ ಅಂದರೆ ಎಷ್ಟು ಮಂದಿಗೆ ಗೊತ್ತು? ಕಾನೂನು ಮಾತ್ರ ಊರಿಗೆಲ್ಲ ಡಂಗುರ ಹೊಡೆದಾಯಿತು ಅಂತ ಕೂತಿದೆ. ಜೊತೆಗೆ ಮಾಹಿತಿ ಎಲ್ಲ ಒಂದೇ ಕಡೆ ಇಲ್ಲ. ಮಾರುವವರು ಕಂಪೆನಿ ಆದರೆ ಕಂಪೆನಿ ಕಾಯ್ದೆಯ ಪ್ರಕಾರ ಸಾಲದ ಚಾರ್ಜನ್ನು, ಅಂದರೆ ಆಸ್ತಿಯ ಮೇಲೆ ಸಾಲ ಕೊಟ್ಟವರಿಗಿರುವ ಹಕ್ಕನ್ನು, 30 ದಿನದೊಳಗೆ ಕಂಪೆನಿ ರಿಜಿಸ್ಟ್ರಾರ್ ಬಳಿ ದಾಖಲಿಸಬೇಕು, ಅದು ಇನ್ನೊಂದು ಪುಸ್ತಕ. ವಾಹನದ್ದು ಆರ್‌ಟಿಒ ಪುಸ್ತಕ. ಹಡಗಿನ ಮೇಲಿನ ಸಾಲವನ್ನು ಸರ್ಫೇಸಿ ಕಾಯ್ದೆಯೇ ಹೊರಗಿಟ್ಟಿದೆ. ಖಾಸಗಿಯಾಗಿ ಸಾಲ ಕೊಟ್ಟವರು ಬೇಕಿದ್ದರೆ ಸೆರ್ಸಾಯ್‌ನಲ್ಲಿ ದಾಖಲಿಸಬಹುದು, ಒತ್ತಾಯ ಇಲ್ಲ.

ಆಸ್ಟ್ರೇಲಿಯಾದಲ್ಲೂ ಹೀಗೇ ಇತ್ತು, ರಾಜ್ಯಕ್ಕೊಂದು, ವಸ್ತುವಿಗೊಂದು ಪುಸ್ತಕ. 2009ರಲ್ಲಿ ಕಾಯ್ದೆ ಮಾಡಿ, 2012ರ ಜನವರಿ 30ರಿಂದ ಎಲ್ಲ ಒಂದೇ ನೋಂದಣಿಗೆ ತಂದರು. ಕಾರು, ಟ್ರ್ಯಾಕ್ಟರ್, ಮೆಷಿನ್, ಕಾರ್ಖಾನೆಯ ದಾಸ್ತಾನು, ಯಾವುದೇ ಇರಲಿ, ಹುಡುಕುವುದು ಒಂದೇ ಕಡೆ. ಅಡವು, ಹೈಪೋಥಿಕೇಶನ್, ಹೈರ್ ಪರ್ಚೇಸ್ (ಕಂತಿನ ಖರೀದಿ) ಅಂತ ಹೆಸರು ಏನೇ ಇದ್ದರೂ, ಸಾಲಕ್ಕೆ ಭದ್ರತೆ ಆದರೆ ನಿಯಮ ಒಂದೇ. ಇಂಗ್ಲೆಂಡಿನ ಕಥೆ ಉಲ್ಟಾ. ಅಲ್ಲಿ ಜನ ಕಾರಿನ ಮೇಲೆ ಕೈಸಾಲ ತೆಗೆಯುವುದು ಇವತ್ತಿಗೂ 1878 ಮತ್ತು 1882ರ ಕಾಯ್ದೆಗಳ ಕೆಳಗೆ. ಬದಲಾಯಿಸಲು, ಕಾನೂನು ಸುಧಾರಣೆಗೆ ಸಲಹೆ ಕೊಡುವ ಅಲ್ಲಿನ ಲಾ ಕಮಿಷನ್ ಮಸೂದೆಯನ್ನೇ ಬರೆದುಕೊಟ್ಟಿತು. 2018ರಲ್ಲಿ ಸರ್ಕಾರ ಸದ್ಯಕ್ಕೆ ಬೇಡ ಅಂತ ಕೈಬಿಟ್ಟಿತು.

ನಮ್ಮಲ್ಲಿ ಹೊಸ ಕಾಯ್ದೆಗಿಂತ ಮೊದಲು ಇರುವ ಪುಸ್ತಕಗಳನ್ನು ಒಂದಕ್ಕೊಂದು ಹೊಲಿದರೆ ಸಾಕು ಅಂತ ನನಗೆ ಅನಿಸುತ್ತದೆ. ಮೆಷಿನಿನ ಸೀರಿಯಲ್ ನಂಬರ್ ಹಾಕಿದರೆ ಸಾಲದ ಜಾತಕ ಬರಬೇಕು, ಅದೂ ಕನ್ನಡದಲ್ಲಿ ಬಂದರೆ ಇನ್ನೂ ಒಳ್ಳೆಯದು. ಇದರಲ್ಲಿ ಸಾಲ ಕೇಳುವವರಿಗೂ ಲಾಭ ಇದೆ. ಮೆಷಿನ್ ಇದ್ದರೂ ‘ಜಾಗದ ಪತ್ರ ತನ್ನಿ’ ಅಂತ ಮ್ಯಾನೇಜರ್ ಕೇಳುವುದು ಸುಮ್ನೆ ಅಲ್ಲ. ಜಾಗ ಓಡಿಹೋಗುವುದಿಲ್ಲ, ಮೆಷಿನ್ ರಾತ್ರೋರಾತ್ರಿ ಲಾರಿ ಹತ್ತಬಹುದು. ಜಾಗ ಇಲ್ಲದವರಿಗೆ ಸಾಲ ಹುಟ್ಟದೇ ಇರುವುದು ಈ ಭಯದಿಂದಲೇ ಜಾಸ್ತಿ.

ಈಗ ನೀವು ಮಾಡಬೇಕಾದ್ದು. ಮೆಷಿನಿನ ತಗಡಿನ ಮೇಲಿರುವ ಸೀರಿಯಲ್ ನಂಬರಿನ ಫೋಟೋ ತೆಗೆಯಿರಿ. ಮೂಲ ಬಿಲ್ ಕೇಳಿ, ಎರಡೂ ಕಡೆ ನಂಬರ್ ಒಂದೇ ಇದೆಯಾ ನೋಡಿ. ಸೆರ್ಸಾಯ್‌ನಲ್ಲಿ ಹುಡುಕಿಸಿ. ಕಂಪೆನಿ ಆದರೆ ಅದರ ಚಾರ್ಜಿನ ಪಟ್ಟಿಯನ್ನೂ ನೋಡಿ. ನಿಮ್ಮ ಲೆಕ್ಕಪತ್ರ ನೋಡುವ ಸಿಎ ಇದನ್ನೆಲ್ಲ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಮಾರುವವರ ಖಾತೆ ಇರುವ ಬ್ಯಾಂಕಿನಿಂದ ‘ಈ ಮೆಷಿನಿನ ಮೇಲೆ ನಮ್ಮ ಬಾಕಿ ಇಲ್ಲ’ ಅಂತ ಲೆಟರ್ ತರಿಸಿಕೊಳ್ಳಿ. ಬಾಕಿ ಇದ್ದರೂ ವ್ಯವಹಾರ ನಿಲ್ಲಬೇಕಾಗಿಲ್ಲ. ಬ್ಯಾಂಕನ್ನೂ ಕೂರಿಸಿ ಮಾತಾಡಿ, ದುಡ್ಡನ್ನು ನೇರ ಆ ಸಾಲದ ಖಾತೆಗೇ ಕಟ್ಟಿ, ಎನ್‌ಒಸಿ ಕೈಗೆ ಬಂದ ಮೇಲೆ ಮೆಷಿನ್ ಲೋಡ್ ಮಾಡಿ.

ಮತ್ತೆ ಬೈಕಂಪಾಡಿಗೆ ಹೋದಾಗ ಮೆಷಿನಿನ ಸುತ್ತ ಒಂದು ಸುತ್ತು ಬನ್ನಿ. ಎಲ್ಲ ಕಡೆ ಎಣ್ಣೆ ಜಿಡ್ಡು ಇದ್ದು, ಅಂಗೈ ಅಗಲದ ಒಂದು ಚೌಕ ಮಾತ್ರ ಹೊಸ ಪೇಂಟಿನ ಹಾಗೆ ಹೊಳೆಯುತ್ತಿದ್ದರೆ, ಅಲ್ಲಿ ಅಂಟಿಸಿದ್ದು ಏನು ಅಂತ ಕೇಳಿ.